ಜಲವರ್ಣದಿಂದ ಸೀಮಿತ ಆವೃತ್ತಿಯ ಪ್ರಿಂಟ್: ಮಲೆನಾಡಿನ ಕಲಾವಿದರಿಗೆ ಸಮಗ್ರ ಮಾರ್ಗದರ್ಶಿ

ಪ್ರಿಂಟ್ ಕಪ್ಪಾಗಿ ಬಂತು. ಅಡಿಕೆ ಸುಲಿಯುವ ಹೆಂಗಸಿನ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಕಟ್ಟಿನೊಳಗೆ ಬೂಷ್ಟು ಹಿಡಿಯಿತು. 12ನೇ ಸಂಖ್ಯೆಯ ಪ್ರತಿ ಇಬ್ಬರ ಮನೆಯ ಗೋಡೆಯ ಮೇಲಿದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಜಲವರ್ಣ ಕಲಾವಿದರಿಂದ ಮತ್ತೆ ಮತ್ತೆ ಕೇಳಿಬರುವ ದೂರುಗಳು ಈ ನಾಲ್ಕೇ. ಕೈಚಳಕದ ಕೊರತೆಯಿಂದ ಆದದ್ದು ಇದರಲ್ಲಿ ಒಂದೂ ಇಲ್ಲ. ಎಲ್ಲವೂ ಕೆಲಸದ ಕ್ರಮ ತಪ್ಪಿದ್ದರಿಂದ ಆದವು. ಎಷ್ಟು ಪ್ರತಿ ಎಂದು ತೀರ್ಮಾನಿಸುವುದು ಮೊದಲ ಕೆಲಸ, ಪ್ರತಿಯ ಮೇಲೆ ಸಂಖ್ಯೆ ಬರೆಯುವುದು ಹೆಚ್ಚುಕಡಿಮೆ ಕೊನೆಯ ಕೆಲಸ. ಬಹುತೇಕರು ಇವೆರಡನ್ನೂ ಒಂದೇ ದಿನ, ಪ್ರದರ್ಶನದ ಹಿಂದಿನ ರಾತ್ರಿ ಮಾಡುತ್ತಾರೆ.

ಸೀಮಿತ ಆವೃತ್ತಿ ಎಂದರೆ ಇಷ್ಟೇ ಪ್ರತಿ ಎಂದು ಮೊದಲೇ ನಿಗದಿ ಮಾಡಿ, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ ಮಾರುವ ಪ್ರಿಂಟ್. ಇಲ್ಲಿ ಹೇಳುವುದು ಮನುಷ್ಯಾಕೃತಿಯ ಜಲವರ್ಣಗಳನ್ನು ಪಿಗ್ಮೆಂಟ್ (ನೀರಿಗೆ ಕರಗದ ಬಣ್ಣದ ಪುಡಿಯ) ಇಂಕ್‌ಜೆಟ್ ಮುದ್ರಣಕ್ಕೆ ತರುವ ಬಗ್ಗೆ. ‘ಜಿಕ್ಲೇ’ ಎಂದು ದೊಡ್ಡ ಹೆಸರಿಟ್ಟು ಮಾರುವುದೂ ಇದನ್ನೇ.

## ಮೊದಲು ಕೈಯಲ್ಲಿ ಇರಬೇಕಾದವು

ಮುದ್ರಣಯಂತ್ರ ನಿಮ್ಮದೇ ಆಗಬೇಕಿಲ್ಲ, ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಮಾಡಿಸಬಹುದು. ಆದರೆ ಕೆಳಗಿನವು ನಿಮ್ಮ ಬಳಿಯೇ ಇರಲಿ:

- ತೇವಾಂಶ ಮಾಪಕ (ಹೈಗ್ರೋಮೀಟರ್)
- 18 ಶೇಕಡಾ ಬೂದು ಕಾರ್ಡ್, ಸಾಧ್ಯವಾದರೆ 24 ಚೌಕಗಳ ಬಣ್ಣದ ಕಾರ್ಡ್
- 5000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಸರಿಯಾಗಿ ತೋರಿಸುವ ಗುಣದ ಅಂಕ) 95ಕ್ಕಿಂತ ಹೆಚ್ಚಿನ ಎರಡು ಒಂದೇ ಬಗೆಯ ದೀಪ
- ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್
- ಹತ್ತಿ ಕೈಗವಸು, ಅಗಲವಾದ ಮೆದು ಬ್ರಷ್, ಎಚ್‌ಬಿ ಪೆನ್ಸಿಲ್
- ಬ್ಲಾಟಿಂಗ್ ಹಾಳೆ, ಆಮ್ಲರಹಿತ ಟಿಶ್ಯೂ ಅಥವಾ ಗ್ಲಾಸೀನ್ ಕಾಗದ
- ಗಟ್ಟಿ ಹೊಲಿಗೆಯ, ಪುಟಸಂಖ್ಯೆ ಇರುವ ಒಂದು ಲೆಡ್ಜರ್ ಪುಸ್ತಕ

ಮಾನಿಟರ್ ಕ್ಯಾಲಿಬ್ರೇಟರ್ (ಪರದೆಯ ಬಣ್ಣ, ಹೊಳಪು ಸರಿಹೊಂದಿಸುವ ಸಾಧನ) ದುಬಾರಿ. ನಾಲ್ಕೈದು ಕಲಾವಿದರು ಸೇರಿ ಒಂದು ಕೊಂಡರೆ ಸಾಕು, ಅದು ತಿಂಗಳಿಗೊಮ್ಮೆ ಬೇಕಾಗುವ ಉಪಕರಣ.

## ಹಂತ 1: ಯಾವ ಚಿತ್ರ ಮುದ್ರಣಕ್ಕೆ ನಿಲ್ಲುತ್ತದೆ

ಎಲ್ಲ ಒಳ್ಳೆಯ ಚಿತ್ರಗಳೂ ಒಳ್ಳೆಯ ಪ್ರಿಂಟ್ ಆಗುವುದಿಲ್ಲ. ಮೂರು ಕಡೆ ನೋಡಿ.

ಮೊದಲನೆಯದು, ಹೊಳೆಯುವ ಗುಲಾಬಿ. ಒಪೇರಾ ರೋಸ್ ಹೆಸರಿನ ಬಣ್ಣಗಳಲ್ಲಿ ಪ್ರತಿದೀಪ್ತಿಯ ಡೈ ಬೆರೆತಿರುತ್ತದೆ. ಆ ಹೊಳಪು ಯಾವ ಮುದ್ರಣಯಂತ್ರದ ಶಾಯಿಗೂ ಎಟುಕುವುದಿಲ್ಲ, ಮೂಲ ಚಿತ್ರದಲ್ಲೂ ಬೆಳಕಿಗೆ ಬೇಗ ಮಾಸುತ್ತದೆ. ಕೆನ್ನೆಯ ಕೆಂಪಿಗೆ ಇದನ್ನು ಬಳಸಿದ್ದರೆ ಬೇರೆ ಚಿತ್ರ ಆರಿಸಿ.

ಎರಡನೆಯದು, ಕೋಬಾಲ್ಟ್ ನೀಲಿ. ಅದು ಕಣ್ಣಿಗೆ ಕಾಣದಷ್ಟು ಕೊನೆಯ ಕೆಂಪು ಬೆಳಕನ್ನೂ ಪ್ರತಿಫಲಿಸುವುದರಿಂದ ಕ್ಯಾಮೆರಾದಲ್ಲಿ ನೇರಳೆಯತ್ತ ವಾಲುತ್ತದೆ. ನೀಲಿ ಸೀರೆ ನೇರಳೆಯಾದರೆ ತಪ್ಪು ನಿಮ್ಮದಲ್ಲ, ಆದರೆ ತಿದ್ದುವ ಕೆಲಸ ನಿಮ್ಮದೇ.

ಮೂರನೆಯದು, ಅತಿ ತೆಳು ತೊಳಕು, ಅಂದರೆ ನೀರು ಹೆಚ್ಚಾಗಿ ಬೆರೆಸಿ ಹಚ್ಚಿದ ಬಣ್ಣ (ವಾಶ್). ಹಣೆಯ ಮೇಲಿನ, ಮೂಗಿನ ಬದಿಯ ನೀರುನೀರಾದ ಪದರಗಳೇ ಮನುಷ್ಯಾಕೃತಿಯ ಜೀವ, ಮುದ್ರಣದಲ್ಲಿ ಮೊದಲು ಕಾಣೆಯಾಗುವುದೂ ಅವೇ. ಇಂಥ ಭಾಗಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿದ ಒಂದು ಸಣ್ಣ ನಕ್ಷೆ ಬರೆದಿಟ್ಟುಕೊಳ್ಳಿ. ಪರೀಕ್ಷಾ ಪ್ರತಿ ಬಂದಾಗ ಮೊದಲು ಅಲ್ಲಿಗೇ ಕಣ್ಣು ಹೋಗಬೇಕು.

ಅಳತೆ: ಮೂಲದಷ್ಟೇ ಅಥವಾ ಅದಕ್ಕಿಂತ ಚಿಕ್ಕದು. ಹಿಗ್ಗಿಸಿದರೆ ಕುಂಚದ ಅಂಚುಗಳು ಸೀಳಿದಂತೆ ಕಾಣುತ್ತವೆ. ಹಿಗ್ಗಿಸಲೇಬೇಕೆಂದರೆ ಹತ್ತರಲ್ಲಿ ಒಂದು ಭಾಗ, ಅದಕ್ಕಿಂತ ಮುಂದೆ ಹೋಗಬೇಡಿ.

## ಹಂತ 2: ಹಕ್ಕು ಯಾರದು ಎಂಬುದನ್ನು ಮುಗಿಸಿಕೊಳ್ಳಿ

ಬಹಳ ಜನ ಹಾರಿಸುವ ಹಂತ ಇದು. ಆಮೇಲೆ ಹೆಚ್ಚು ಕಾಡುವುದೂ ಇದೇ.

ಮೂಲ ಚಿತ್ರ ಮಾರಿದ ಮಾತ್ರಕ್ಕೆ ಕೃತಿಸ್ವಾಮ್ಯ ಕೊಂಡವರಿಗೆ ಹೋಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷ ಎಂದು, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದು ಲೆಕ್ಕ. ಕಲಾವಿದರ ಜೀವಿತಾವಧಿ ಮತ್ತು ಆನಂತರದ 60 ವರ್ಷ ಈ ಹಕ್ಕು ಉಳಿಯುತ್ತದೆ, ಅಂದರೆ ಮಕ್ಕಳಿಗೂ ನಿಮ್ಮ ಲೆಡ್ಜರ್ ಬೇಕಾಗುತ್ತದೆ.

ಆದರೆ 17ನೇ ಸೆಕ್ಷನ್‌ನಲ್ಲಿ ಒಂದು ಗುಂಡಿ ಇದೆ. ಯಾರೋ ದುಡ್ಡು ಕೊಟ್ಟು ಬರೆಸಿಕೊಂಡ ಭಾವಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಹಕ್ಕುದಾರರು ಬರೆಸಿಕೊಂಡವರು. ಬರೆದವರಲ್ಲ! ಊರಿನ ಹಿರಿಯರೊಬ್ಬರ ಭಾವಚಿತ್ರವನ್ನು ಆರ್ಡರ್ ಮೇಲೆ ಬರೆದು, ಚೆನ್ನಾಗಿ ಬಂತೆಂದು 25 ಪ್ರಿಂಟ್ ತೆಗೆದರೆ ಕಾನೂನು ನಿಮ್ಮ ಕಡೆ ಇರುವುದಿಲ್ಲ. ಆರ್ಡರ್ ಒಪ್ಪಿಕೊಳ್ಳುವಾಗಲೇ ‘ಕೃತಿಸ್ವಾಮ್ಯ ಮತ್ತು ಮುದ್ರಣದ ಹಕ್ಕು ಕಲಾವಿದರಲ್ಲಿ ಉಳಿಯುತ್ತದೆ’ ಎಂಬ ಒಂದು ಸಾಲು ಬರೆಸಿ ಇಬ್ಬರೂ ಸಹಿ ಹಾಕಿ.

ಮಾದರಿಯಾಗಿ ಕುಳಿತವರಿಂದಲೂ ಒಪ್ಪಿಗೆ ಪತ್ರ ಬೇಕು. ಕನ್ನಡದಲ್ಲೇ, ಅರ್ಧ ಪುಟ: ಯಾವ ಚಿತ್ರ, ಎಷ್ಟು ಪ್ರತಿ ಮಾರಾಟಕ್ಕೆ, ಅವರಿಗೆ ಏನು ಕೊಟ್ಟಿರಿ, ದಿನಾಂಕ. ತೋಟದ ಕೆಲಸಕ್ಕೆ ಬಂದವರನ್ನು, ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದ ಯಕ್ಷಗಾನ ಕಲಾವಿದರನ್ನು ಬರೆದಾಗ ಇದು ಸಂಕೋಚ ಅನಿಸಬಹುದು. ಮುಖ ಗುರುತು ಸಿಗುವ ಚಿತ್ರ ಯಾವುದೋ ಹೋಟೆಲಿನ ಗೋಡೆಯಲ್ಲಿ ಕಂಡಾಗ ಆಗುವ ಮನಸ್ತಾಪಕ್ಕಿಂತ ಈ ಸಂಕೋಚ ಅಗ್ಗ. ಬೇರೆಯವರು ತೆಗೆದ ಫೋಟೊ ನೋಡಿ ಬರೆದಿದ್ದರೆ ಫೋಟೊಗ್ರಾಫರ್ ಅನುಮತಿ ಇಲ್ಲದೆ ಮುದ್ರಣಕ್ಕೆ ಇಳಿಯಬೇಡಿ.

## ಹಂತ 3: ಆವೃತ್ತಿಯ ಸಂಖ್ಯೆ ನಿಗದಿ

ಒಂದೂ ಪ್ರತಿ ಮುದ್ರಿಸುವ ಮೊದಲು ಲೆಡ್ಜರಿನ ಹೊಸ ಪುಟದಲ್ಲಿ ಬರೆಯಿರಿ: ಚಿತ್ರದ ಹೆಸರು, ಮುದ್ರಣದ ಅಳತೆ, ಕಾಗದ, ಮಾರಾಟದ ಪ್ರತಿ ಎಷ್ಟು, ಕಲಾವಿದರ ಪ್ರತಿ (ತಮಗೆಂದು ಇಟ್ಟುಕೊಳ್ಳುವವು) ಎಷ್ಟು, ದಿನಾಂಕ. ಕೆಳಗೆ ಸಹಿ. ಇಷ್ಟಾದ ಮೇಲೆ ಸಂಖ್ಯೆ ಇಳಿಸಬಹುದು, ಏರಿಸುವಂತಿಲ್ಲ.

ಮೊದಲ ಬಾರಿಗೆ 25 ಸಾಕು. 500 ಪ್ರತಿ ಮಾಡಿ ‘ಸೀಮಿತ’ ಎಂದರೆ ಸಂಗ್ರಾಹಕರು ನಗುತ್ತಾರೆ. ಕಲಾವಿದರ ಪ್ರತಿಗಳು ರೂಢಿಯಲ್ಲಿ ಹತ್ತರಲ್ಲಿ ಒಂದು ಭಾಗ. 25ಕ್ಕೆ ಎರಡು, ಹೆಚ್ಚೆಂದರೆ ಮೂರು. ಇವಕ್ಕೆ ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್) ಎಂದು ಬರೆದು ರೋಮನ್ ಅಂಕಿಯಲ್ಲಿ ಎಣಿಸುವುದು ವಾಡಿಕೆ, ‘ಕ.ಪ್ರ. 1/2’ ಎಂದು ಕನ್ನಡದಲ್ಲಿ ಬರೆದರೂ ತಪ್ಪಿಲ್ಲ. ಒಂದು ಆವೃತ್ತಿಯೊಳಗೆ ಎರಡು ಬಗೆ ಬೆರೆಸಬೇಡಿ.

ಅದೇ ಚಿತ್ರವನ್ನು ಎ3ರಲ್ಲಿ 25, ಎ2ರಲ್ಲಿ 15 ಮಾಡುವುದಾದರೆ ಎರಡನ್ನೂ ಈಗಲೇ ಘೋಷಿಸಿ, ಎರಡರ ಪ್ರಮಾಣಪತ್ರದಲ್ಲೂ (ಪ್ರತಿಯ ಜೊತೆ ಕೊಡುವ ಪತ್ರ, ಹಂತ 9 ನೋಡಿ) ಒಟ್ಟು ಲೆಕ್ಕ ಇರಲಿ. ಮೊದಲ 25 ಮಾರಿದ ಮೇಲೆ ‘ಇದು ಬೇರೆ ಸೈಜು’ ಎಂದು ಹೊಸ ಆವೃತ್ತಿ ತೆಗೆಯುವುದು ಕೊಂಡವರಿಗೆ ಮಾಡುವ ಮೋಸ. ಪೋಸ್ಟ್‌ಕಾರ್ಡು, ಕ್ಯಾಲೆಂಡರು ಬೇರೆ ಮಾತು. ಅವುಗಳ ಮೇಲೆ ಸಂಖ್ಯೆಯೂ ಸಹಿಯೂ ಇರಬಾರದು, ಅಷ್ಟೇ.

## ಹಂತ 4: ಮೂಲವನ್ನು ಸಪಾಟು ಮಾಡುವುದು

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ಹಿಗ್ಗಿಸಿ ಅಂಟಿಸದೆ ಬರೆದರೆ ಅಲೆಅಲೆಯಾಗಿ ಏಳುತ್ತದೆ. ಆ ಅಲೆ ಸ್ಕ್ಯಾನಿನಲ್ಲಿ ಬೂದು ಪಟ್ಟೆಯಾಗಿ ಬಂದು, ಮುಖದ ಮೇಲೆ ಬಿದ್ದರೆ ಗಾಯದ ಕಲೆಯಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ತೆಗೆಯಲು ಎರಡು ದಿನ ಬೇಕು, ಮೊದಲೇ ಸಪಾಟು ಮಾಡಿಕೊಂಡರೆ ಆ ಎರಡು ದಿನ ಉಳಿಯುತ್ತದೆ.

ಚಿತ್ರವನ್ನು ಬೆನ್ನು ಮೇಲಾಗಿ ಬ್ಲಾಟಿಂಗ್ ಹಾಳೆಯ ಮೇಲಿಡಿ. ಹಿಂಬದಿಗೆ ಮಾತ್ರ, ಒಂದೂವರೆ ಅಡಿ ದೂರದಿಂದ, ಶುದ್ಧ ನೀರಿನ ಸಣ್ಣ ತುಂತುರು ಹಾಯಿಸಿ. ಕಾಗದ ತಣ್ಣಗಾಗಬೇಕು, ಒದ್ದೆಯಾಗಬಾರದು. ಎರಡು ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು, ಮೇಲೆ ಸಪಾಟಾದ ಹಲಗೆ, ಅದರ ಮೇಲೆ ಸಮನಾಗಿ ಭಾರ ಹೇರಿ. ಬೇಸಿಗೆಯಲ್ಲಿ 24 ಗಂಟೆ. ಮಳೆಗಾಲದಲ್ಲಿ ಮೊದಲ ದಿನ ನಾಲ್ಕು ಗಂಟೆಗೊಮ್ಮೆ ಬ್ಲಾಟಿಂಗ್ ಬದಲಿಸಿ, ಒಟ್ಟು ಎರಡು ಮೂರು ದಿನ ಬಿಡಿ. ಹಾಳೆ ಬದಲಿಸದೆ ಬಿಟ್ಟರೆ ಭಾರದ ಅಡಿಯಲ್ಲೇ ಬೂಷ್ಟು ಶುರು.

ಗುವಾಶ್ (ಪಾರದರ್ಶಕವಲ್ಲದ ಜಲವರ್ಣ) ದಪ್ಪಗೆ ಹಚ್ಚಿದ್ದರೆ, ನೀರಿಗೆ ಕರಗುವ ಇಂಕು ಅಥವಾ ಪ್ಯಾಸ್ಟೆಲ್ ಬೆರೆತಿದ್ದರೆ ಈ ವಿಧಾನ ಬೇಡ, ಒಣ ಭಾರ ಮಾತ್ರ ಸಾಕು. ಬ್ಲಾಟಿಂಗ್ ಮೇಲೆ ಬಣ್ಣದ ನೆರಳು ಕಂಡರೆ ನೀರು ಹೆಚ್ಚಾಗಿದೆ ಎಂದರ್ಥ, ಕೂಡಲೇ ನಿಲ್ಲಿಸಿ.

## ಹಂತ 5: ಸ್ಕ್ಯಾನ್ ಅಥವಾ ಛಾಯಾಗ್ರಹಣ

ಚಿತ್ರಕ್ಕೆ ಗಾಜು ಹಾಕಿಸುವ ಮೊದಲು, ಮಾರುವ ಮೊದಲು, ಈ ಕೆಲಸ ಆಗಬೇಕು.

ಸ್ಕ್ಯಾನರ್ ಆದರೆ. ಸಿಸಿಡಿ ಸೆನ್ಸರ್ ಇರುವುದನ್ನು ಹುಡುಕಿ. ಝೆರಾಕ್ಸ್ ಅಂಗಡಿಯ ತೆಳ್ಳಗಿನ ಸಿಐಎಸ್ ಸ್ಕ್ಯಾನರುಗಳ ಫೋಕಸ್ ಆಳ ಬಹಳ ಕಡಿಮೆ. ಕಾಗದ ಗಾಜಿನಿಂದ ಒಂದೆರಡು ಮಿಲಿಮೀಟರ್ ಎದ್ದರೂ ಅಷ್ಟು ಭಾಗ ಮಸುಕು. ಸೆಟ್ಟಿಂಗ್: 600 ಡಿಪಿಐ (ಇಂಚಿಗೆ 600 ಚುಕ್ಕೆ), 48 ಬಿಟ್ ಬಣ್ಣ, ಟಿಫ್ ಫೈಲ್, ಅಡೋಬಿ ಆರ್‌ಜಿಬಿ. ಆಟೋ ಕಲರ್, ಶಾರ್ಪನ್, ಧೂಳು ತೆಗೆಯುವ ಆಯ್ಕೆ ಎಲ್ಲವನ್ನೂ ಆಫ್ ಮಾಡಿ. ಎ3 ಚಿತ್ರಕ್ಕೆ ಫೈಲು ಸುಮಾರು 400 ಎಂಬಿ ಬರುತ್ತದೆ. 10 ಎಂಬಿ ಬಂದರೆ ಅಂಗಡಿಯವರು ಜೆಪೆಗ್ ಕೊಟ್ಟಿದ್ದಾರೆ ಎಂದು ತಿಳಿಯಿರಿ.

ದೊಡ್ಡ ಚಿತ್ರವನ್ನು ತುಂಡುತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸುವಾಗ ಒಂದರ ಮೇಲೊಂದು ಕಾಲು ಭಾಗ ಬರಲಿ. ಮುಖ್ಯವಾಗಿ, ಚಿತ್ರವನ್ನು ತಿರುಗಿಸಬೇಡಿ, ಸರಿಸಿ ಮಾತ್ರ. ಸ್ಕ್ಯಾನರಿನ ಬೆಳಕು ಒಂದೇ ಬದಿಯಿಂದ ಬೀಳುತ್ತದೆ. ತಿರುಗಿಸಿದರೆ ಕಾಗದದ ಉಬ್ಬುತಗ್ಗಿನ ನೆರಳು ಉಲ್ಟಾ ಆಗಿ ಜೋಡಣೆಯ ಗೆರೆ ಎದ್ದು ಕಾಣುತ್ತದೆ.

ಕ್ಯಾಮೆರಾ ಆದರೆ. 24 ಮೆಗಾಪಿಕ್ಸೆಲ್‌ನ 6000 × 4000 ಫೈಲು 300 ಡಿಪಿಐಗೆ 20 × 13 ಇಂಚು ಮುದ್ರಣ ಕೊಡುತ್ತದೆ. ಎ3ಗೆ ಅಷ್ಟು ಸಾಕು. 50 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸ್, ಎಫ್ 8, ಐಎಸ್‌ಒ 100, ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್, ರಾ ಫೈಲ್. ದೀಪಗಳು ಎರಡೂ ಬದಿಗೆ 45 ಡಿಗ್ರಿಯಲ್ಲಿ, ಸಮ ದೂರದಲ್ಲಿ. ಕ್ಯಾಮೆರಾ ಚಿತ್ರಕ್ಕೆ ನೇರವಾಗಿದೆಯೇ ಎಂದು ನೋಡಲು ಚಿತ್ರ ಇಡುವ ಜಾಗದ ನಡುವೆ ಒಂದು ಸಣ್ಣ ಕನ್ನಡಿ ಒತ್ತಿ ಹಿಡಿಯಿರಿ. ಲೆನ್ಸಿನ ಬಿಂಬ ಫ್ರೇಮಿನ ನಟ್ಟನಡುವೆ ಬಂದರೆ ಸರಿ.

ಬೆಳಕು ಸಮನಾಗಿದೆಯೇ ಎಂದು ಮೊದಲು ಖಾಲಿ ಬಿಳಿ ಹಾಳೆಯ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ನಾಲ್ಕು ಮೂಲೆ ಮತ್ತು ನಡುವಿನ ಹೊಳಪಿನ ಅಂಕಿ (0 ಕಪ್ಪು, 255 ಅಚ್ಚ ಬಿಳಿ) ಓದಿ. ವ್ಯತ್ಯಾಸ 4–5 ದಾಟಿದರೆ ದೀಪ ಸರಿಸಿ. ಚಿತ್ರದ ಕಾಗದದ ಬಿಳಿ 235ರಿಂದ 245ರೊಳಗೆ ಬೀಳುವಂತೆ ಎಕ್ಸ್‌ಪೋಷರ್ ಕೊಡಿ. 255 ಮುಟ್ಟಿತೆಂದರೆ ಹಣೆಯ ತೊಳಕು ಹೋಯಿತು.

ಜಗಲಿಯ ಬೆಳಕು ಚೆನ್ನಾಗಿದೆಯಲ್ಲ ಎಂದು ದೀಪ ಬಿಟ್ಟು ಅಲ್ಲೇ ತೆಗೆಯುವವರಿಗೆ ಒಂದು ಮಾತು. ಎದುರಿನ ಅಡಿಕೆ ತೋಟದಿಂದ ಹಸಿರು, ಕೆಳಗಿನ ರೆಡ್ ಆಕ್ಸೈಡ್ ನೆಲದಿಂದ ಕೆಂಪು, ಎರಡೂ ಚಿತ್ರದ ಮೇಲೆ ಬೀಳುತ್ತವೆ. ಗದ್ದದ ನೆರಳು ಹಸಿರಾಗಿ, ಸೊಂಟದ ಕೆಳಗೆಲ್ಲ ಕೆಂಪಾಗಿ ಬಂದರೆ ಕಾರಣ ಇದೇ. ಬೂದು ಕಾರ್ಡಿನಿಂದಲೂ ಇದು ಸರಿಹೋಗುವುದಿಲ್ಲ, ಏಕೆಂದರೆ ಬಣ್ಣ ಮೇಲಿನಿಂದ ಕೆಳಕ್ಕೆ ಬದಲಾಗುತ್ತಿರುತ್ತದೆ. ಮೋಡ ಸರಿದರೆ ಎರಡು ಫೋಟೊಗಳ ನಡುವೆಯೇ ಬೆಳಕು ಬೇರೆ. ಕಿಟಕಿ ಮುಚ್ಚಿದ ಕೋಣೆ, ನೆಲಕ್ಕೆ ಕಪ್ಪು ಬಟ್ಟೆ, ಮೈಮೇಲೆ ಕಪ್ಪು ಅಂಗಿ. ಹಳದಿ ಅಂಗಿ ತೊಟ್ಟು ನಿಂತರೆ ಅದೂ ಫೋಟೊದಲ್ಲಿ ಸೇರುತ್ತದೆ.

## ಹಂತ 6: ಬಣ್ಣ ತಿದ್ದುವ ಕ್ರಮ

‘ಪ್ರಿಂಟ್ ಕಪ್ಪಾಗಿ ಬಂತು’ ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಬಾರಿ ಕಾರಣ ಮುದ್ರಣಯಂತ್ರವಲ್ಲ, ಮಾನಿಟರ್. ಅಂಗಡಿಯಿಂದ ಬಂದಾಗ ಇರುವ ಹೊಳಪಿನಲ್ಲಿ ಎಲ್ಲವೂ ಬೆಳ್ಳಗೆ ಕಾಣುತ್ತದೆ, ಹಾಗಾಗಿ ಫೈಲನ್ನು ನೀವೇ ಕಪ್ಪು ಮಾಡಿರುತ್ತೀರಿ. ಹೊಳಪನ್ನು ಚದರ ಮೀಟರಿಗೆ 80–100 ಕ್ಯಾಂಡೆಲಾಗೆ ಇಳಿಸಿ ಕ್ಯಾಲಿಬ್ರೇಟ್ ಮಾಡಿ. ಮೊಬೈಲಿನಲ್ಲಿ ನೋಡಿ ಬಣ್ಣ ಒಪ್ಪಬೇಡಿ.

ಮೂಲ ಚಿತ್ರವನ್ನು ಮಾನಿಟರಿನ ಪಕ್ಕದಲ್ಲೇ 5000 ಕೆಲ್ವಿನ್ ದೀಪದಡಿ ಇಟ್ಟು ಈ ಕ್ರಮದಲ್ಲಿ ಹೋಗಿ:

1. ಬೂದು ಕಾರ್ಡಿನಿಂದ ವೈಟ್ ಬ್ಯಾಲೆನ್ಸ್.
2. ಒಟ್ಟಾರೆ ಎಕ್ಸ್‌ಪೋಷರ್. ಕಾಗದ ಕಾಗದದ ಬಣ್ಣದಲ್ಲೇ ಉಳಿಯಲಿ, ಅಚ್ಚ ಬಿಳಿಗೆ ಎಳೆಯಬೇಡಿ.
3. ಕಾಂಟ್ರಾಸ್ಟ್, ಅತ್ಯಂತ ಸ್ವಲ್ಪ.
4. ಚರ್ಮದ ಬಣ್ಣ, ಬೇರೆ ಪದರದಲ್ಲಿ.
5. ಧೂಳಿನ ಚುಕ್ಕೆ, ನೂರು ಶೇಕಡಾ ಹಿಗ್ಗಿಸಿ.
6. ಮುದ್ರಣದ ಅಳತೆಗೆ ತಂದ ಮೇಲೆ ಕೊನೆಯದಾಗಿ ಶಾರ್ಪನ್.

ನಾಲ್ಕನೆಯದರಲ್ಲಿ ತಾಳ್ಮೆ ಬೇಕು. ನಮ್ಮ ಕಂದು ಮೈಬಣ್ಣವನ್ನು ಬಹುತೇಕರು ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಬೆರೆಸಿ ಕಟ್ಟುತ್ತಾರೆ. ಕ್ಯಾಮೆರಾದ ‘ಪೋರ್ಟ್ರೇಟ್’ ಪ್ರೊಫೈಲ್ ಸಿಯೆನ್ನಾವನ್ನು ಕಿತ್ತಳೆಯತ್ತ, ನೆರಳನ್ನು ನೇರಳೆಯತ್ತ ತಳ್ಳುತ್ತದೆ. ಮುಖ ಇಟ್ಟಿಗೆಯಾಗುವುದು ಇಲ್ಲೇ. ‘ನ್ಯೂಟ್ರಲ್’ ಪ್ರೊಫೈಲಿನಿಂದ ಶುರು ಮಾಡಿ, ನೆರಳಿನಲ್ಲಿ ಮಾತ್ರ ಮೆಜೆಂಟಾ ತಗ್ಗಿಸಿ. ಇಡೀ ಚಿತ್ರದ ಕೆಂಪು ಕಡಿಮೆ ಮಾಡಿದರೆ ಕುಂಕುಮವೂ ಸೆರಗಿನ ಅಂಚೂ ಸತ್ತುಹೋಗುತ್ತವೆ.

ಧೂಳು ಒರೆಸುವ ಭರದಲ್ಲಿ ಬಣ್ಣದ ಕಾಳುಗಟ್ಟಿದ ಚುಕ್ಕೆಗಳನ್ನು ಅಳಿಸಬೇಡಿ, ಜಲವರ್ಣ ಅಂತ ಗೊತ್ತಾಗುವುದೇ ಅದರಿಂದ.

ಪದರಗಳಿರುವ ಮೂಲ ಫೈಲನ್ನು ಎರಡು ಡಿಸ್ಕಿನಲ್ಲಿ ಇಡಿ. ಮುದ್ರಣಕ್ಕೆ ಕೊಡುವುದು ಪ್ರೊಫೈಲ್ ಸಹಿತ ಆರ್‌ಜಿಬಿ ಟಿಫ್. ಫ್ಲೆಕ್ಸ್ ಕೆಲಸದ ಅಭ್ಯಾಸದವರು ಸಿಎಂವೈಕೆ (ನಾಲ್ಕು ಶಾಯಿಗಳ ಲೆಕ್ಕದ) ಫೈಲ್ ಕೇಳುತ್ತಾರೆ. ಇಂಕ್‌ಜೆಟ್‌ಗೆ ಅದು ಬೇಡ, ಬಣ್ಣದ ವ್ಯಾಪ್ತಿ ಅಲ್ಲೇ ಕುಗ್ಗುತ್ತದೆ.

## ಹಂತ 7: ಕಾಗದ, ಶಾಯಿ, ಪರೀಕ್ಷಾ ಪ್ರತಿ

ಕಾಗದ ನೂರಕ್ಕೆ ನೂರು ಹತ್ತಿ, ಮ್ಯಾಟ್, ಆಮ್ಲರಹಿತ, 300 ಜಿಎಸ್‌ಎಂ ಆಸುಪಾಸು. ಬೆಳ್ಳಗಾಗಿಸುವ ರಾಸಾಯನಿಕ ಇರಬಾರದು. ಕತ್ತಲಲ್ಲಿ ನೋಟಿನ ಟಾರ್ಚ್ ಹಾಯಿಸಿ: ನೀಲಿಬಿಳಿಯಾಗಿ ಹೊಳೆದರೆ ಆ ರಾಸಾಯನಿಕ ಇದೆ, ವರ್ಷಗಳಲ್ಲಿ ಕಾಗದ ಹಳದಿಗೆ ತಿರುಗುತ್ತದೆ. ಮಂಕಾಗಿಯೇ ಉಳಿದರೆ ತೆಗೆದುಕೊಳ್ಳಿ.

ಶಾಯಿ ಪಿಗ್ಮೆಂಟ್ ಇರಲಿ. ಕೇಳಲು ಮುಜುಗರವಾದರೆ ಒಂದು ತುಂಡಿನ ಮೇಲೆ ನೀರಿನ ಹನಿ ಬಿಟ್ಟು ನೋಡಿ, ಡೈ ಶಾಯಿಯಾದರೆ ಹರಡುತ್ತದೆ. ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್ ಕಾರ್ಟ್ರಿಡ್ಜ್ ಹಾಕಿದ್ದಾರೆಯೇ ಎಂದು ಮಾತ್ರ ಮುಜುಗರವಿಲ್ಲದೆ ಕೇಳಿ. ಫೋಟೊ ಬ್ಲ್ಯಾಕ್‌ನಲ್ಲಿ ಮುದ್ರಿಸಿದರೆ ಕೂದಲು ಬೂದಿ ಬಳಿದಂತೆ ಬರುತ್ತದೆ.

ಆ ಕಾಗದಕ್ಕೂ ಆ ಯಂತ್ರಕ್ಕೂ ಸೇರಿದ ಐಸಿಸಿ ಪ್ರೊಫೈಲ್ (ಬಣ್ಣ ಹೊಂದಿಸುವ ಫೈಲ್) ಬಳಸಬೇಕು. ಬಣ್ಣ ನಿರ್ವಹಣೆ ಸಾಫ್ಟ್‌ವೇರಿನಲ್ಲಿ ಮಾಡಿದರೆ ಯಂತ್ರದ ಡ್ರೈವರಿನಲ್ಲಿ ಅದನ್ನು ಆಫ್ ಮಾಡಬೇಕು. ಎರಡೂ ಕಡೆ ಚಾಲೂ ಇದ್ದರೆ ಇಡೀ ಚಿತ್ರ ಮೆಜೆಂಟಾ ಹೊದ್ದುಕೊಂಡು ಬರುತ್ತದೆ. ಅಂಗಡಿಯವರು ಆಗ ‘ಫೈಲೇ ಹಾಗಿದೆ’ ಎನ್ನುತ್ತಾರೆ.

ಮೊದಲ ಪರೀಕ್ಷೆಗೆ ಇಡೀ ಚಿತ್ರ ಮುದ್ರಿಸಿ ದುಡ್ಡು ಕಳೆಯಬೇಡಿ. ಮುಖ, ಕೈಬೆರಳು, ಅತಿ ತೆಳು ತೊಳಕು, ಅತಿ ಗಾಢ ಕೂದಲು, ಈ ನಾಲ್ಕು ಭಾಗಗಳನ್ನು ನಿಜ ಅಳತೆಯಲ್ಲೇ ಒಂದು ಎ4 ಹಾಳೆಗೆ ಜೋಡಿಸಿ. 24 ಗಂಟೆ ಒಣಗಿದ ಮೇಲೆ ಹಗಲು ಬೆಳಕಿನಲ್ಲೊಮ್ಮೆ, ರಾತ್ರಿ ಮನೆಯ ದೀಪದಲ್ಲೊಮ್ಮೆ ಮೂಲದ ಜೊತೆ ಹೋಲಿಸಿ. ಸಾಮಾನ್ಯವಾಗಿ ಮೂರು ಸುತ್ತು ಬೇಕಾಗುತ್ತದೆ. ಫೈಲ್ ಬೆಂಗಳೂರಿಗೆ ಕಳಿಸುವವರು ಪರೀಕ್ಷಾ ಹಾಳೆ ಕೊರಿಯರಿನಲ್ಲಿ ಕೈಗೆ ಬರುವವರೆಗೆ ಒಪ್ಪಿಗೆ ಕೊಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರಿಂಟಿನ ಫೋಟೊ ಪರೀಕ್ಷೆಯಲ್ಲ.

ಒಪ್ಪಿದ ಪೂರ್ಣ ಪ್ರತಿಯ ಮೇಲೆ ‘ಮುದ್ರಣಕ್ಕೆ ಒಪ್ಪಿಗೆ’ ಎಂದು ಬರೆದು ಸಹಿ, ದಿನಾಂಕ ಹಾಕಿ. ಮುಂದಿನ ಎಲ್ಲ ಪ್ರತಿಗಳಿಗೂ ಅಳತೆಗೋಲು ಇದು. ಮಾರುವಂತಿಲ್ಲ.

## ಹಂತ 8: ಮುದ್ರಣದ ದಿನ

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈ ಕೆಲಸ ಮುಗಿಸಿ. ಮಳೆಗಾಲದಲ್ಲಿ ಮಾಡಲೇಬೇಕಾದರೆ ಎಸಿ ಅಥವಾ ಡಿಹ್ಯೂಮಿಡಿಫೈಯರ್ ಇರುವ ಕೋಣೆ ಬೇಕು, ತೇವಾಂಶ ಮಾಪಕ ಶೇ 40ರಿಂದ 60ರೊಳಗೆ ತೋರಿಸಬೇಕು. ಹತ್ತಿ ಕಾಗದ ತೇವ ಕುಡಿದು ಅಂಚು ಎತ್ತಿದರೆ ಯಂತ್ರದ ಹೆಡ್ ತಾಗಿ ಅಂಚಿನಲ್ಲಿ ಕಪ್ಪು ಗೀರು ಬೀಳುತ್ತದೆ. ಕಾಗದವನ್ನು ಅದೇ ಕೋಣೆಯಲ್ಲಿ ಒಂದು ದಿನ ಮೊದಲೇ ಇಡಿ.

ಪ್ರತಿ ಹಾಳೆಯನ್ನೂ ಯಂತ್ರಕ್ಕೆ ಕೊಡುವ ಮೊದಲು ಮೆದು ಬ್ರಷ್‌ನಿಂದ ಗುಡಿಸಿ. ಹತ್ತಿಯ ಧೂಳಿನ ಮೇಲೆ ಶಾಯಿ ಬಿದ್ದು, ಆಮೇಲೆ ಧೂಳು ಉದುರಿದರೆ ಕಣ್ಣಿನ ಪಾಪೆಯ ನಡುವೆ ಬಿಳಿ ಚುಕ್ಕೆ ಉಳಿಯುತ್ತದೆ. ನಾಝಲ್ (ಶಾಯಿ ಚಿಮ್ಮುವ ರಂಧ್ರ) ಪರೀಕ್ಷೆ ಪ್ರತಿ ಐದು ಹಾಳೆಗೊಮ್ಮೆ.

ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದೇ ಕೂರಬೇಕು. ಮುದ್ರಣದ ನಡುವೆ ಯಂತ್ರ ನಿಂತರೆ ಆ ಹಾಳೆ ಹೋಯಿತು, ಮತ್ತೆ ಶುರುವಾದ ಕಡೆ ಅಡ್ಡಗೆರೆ ಬರುತ್ತದೆ. ಒಂದು ಪ್ರತಿ ಮುಗಿಯುವಷ್ಟು ಹೊತ್ತು ತಡೆಯುವ ಯುಪಿಎಸ್ ಕಡ್ಡಾಯ. ಕೆಟ್ಟ ಹಾಳೆಯನ್ನು ಅಲ್ಲೇ ಹರಿದು ಹಾಕಿ, ಲೆಡ್ಜರಿನಲ್ಲಿ ಬರೆಯಿರಿ. ‘ಇರಲಿ, ನೆಂಟರಿಗೆ ಕೊಡೋಣ’ ಎಂದು ಎತ್ತಿಟ್ಟ ಹಾಳೆಯೇ ಮುಂದೊಂದು ದಿನ ಸಂಖ್ಯೆ ಇಲ್ಲದ ‘ಅಪರೂಪದ ಪ್ರತಿ’ಯಾಗಿ ತಿರುಗಾಡುತ್ತದೆ.

25ನ್ನೂ ಒಂದೇ ಸಲ ಮುದ್ರಿಸುವುದು ಉತ್ತಮ. ಹಣ ಸಾಲದಿದ್ದರೆ ಹತ್ತರ ಕಂತುಗಳಲ್ಲಿ ಮಾಡಿ, ಪ್ರತಿ ಕಂತನ್ನೂ ಒಪ್ಪಿದ ಪ್ರತಿಯ ಪಕ್ಕದಲ್ಲಿಟ್ಟು ನೋಡಿ. ಹಾಳೆಗಳನ್ನು ಬಿಡಿಬಿಡಿಯಾಗಿ 24 ಗಂಟೆ ಒಣಗಿಸಿ, ಆಮೇಲೆ ನಡುವೆ ಗ್ಲಾಸೀನ್ ಹಾಕಿ ಜೋಡಿಸಿ.

## ಹಂತ 9: ಸಂಖ್ಯೆ, ಸಹಿ, ಪ್ರಮಾಣಪತ್ರ

ಎಲ್ಲ ಪ್ರತಿಗಳನ್ನೂ ಪರೀಕ್ಷಿಸಿ, ಕೆಟ್ಟದ್ದನ್ನು ತೆಗೆದ ಮೇಲೆ, ಒಂದೇ ಸಲ ಕೂತು ಸಂಖ್ಯೆ ಬರೆಯಿರಿ. ಚಿತ್ರದ ಕೆಳಗಿನ ಅಂಚಿನಲ್ಲಿ ಎಡಕ್ಕೆ 7/25, ನಡುವೆ ಹೆಸರು, ಬಲಕ್ಕೆ ಸಹಿ ಮತ್ತು ವರ್ಷ. ಪೆನ್ಸಿಲಿನಲ್ಲೇ. ಬಾಲ್‌ಪೆನ್ನು ಕಾಗದ ಕೊರೆಯುತ್ತದೆ, ಜೆಲ್ ಪೆನ್ನು ಹತ್ತಿ ಕಾಗದದಲ್ಲಿ ಒಸರುತ್ತದೆ. ಪೆನ್ಸಿಲ್ ಮಾಸುವುದಿಲ್ಲ, ತಿದ್ದಿದರೆ ಗುರುತೂ ಉಳಿಯುತ್ತದೆ.

ಅಚ್ಚಿನ ಫಲಕದಿಂದ ತೆಗೆಯುವ ಎಚಿಂಗ್‌ಗಳಲ್ಲಿ ಫಲಕ ಸವೆಯುವುದರಿಂದ ಮೊದಲ ಸಂಖ್ಯೆಗಳಿಗೆ ಬೆಲೆ ಇತ್ತು. ಇಂಕ್‌ಜೆಟ್‌ನಲ್ಲಿ 1ಕ್ಕೂ 25ಕ್ಕೂ ಗುಣದಲ್ಲಿ ಏನೂ ವ್ಯತ್ಯಾಸವಿಲ್ಲ. 1ನೇ ಪ್ರತಿಗೆ ಹೆಚ್ಚು ಕೇಳುವವರು ಬಂದರೆ ಅವರಿಷ್ಟ.

ಪ್ರಮಾಣಪತ್ರದಲ್ಲಿ ಇರಬೇಕಾದವು: ಮೂಲ ಚಿತ್ರದ ಹೆಸರು, ಮಾಧ್ಯಮ, ಅಳತೆ, ವರ್ಷ, ಮುದ್ರಣದ ಅಳತೆ, ಕಾಗದ, ಶಾಯಿ, ಮುದ್ರಿಸಿದ ವರ್ಷ, ಪ್ರತಿಯ ಸಂಖ್ಯೆ, ಒಟ್ಟು ಪ್ರತಿ ಮತ್ತು ಕಲಾವಿದರ ಪ್ರತಿ, ಬೇರೆ ಅಳತೆಯ ಆವೃತ್ತಿ ಇದ್ದರೆ ಅದು, ಸಹಿ. ‘ಒರಿಜಿನಲ್’ ಎಂಬ ಪದ ಪ್ರಿಂಟಿಗೆ ಬಳಸಬೇಡಿ. ಲೆಡ್ಜರಿನಲ್ಲಿ ಪ್ರತಿ ಸಂಖ್ಯೆಗೂ ಒಂದು ಸಾಲು ಮೊದಲೇ ಎಳೆದಿಡಿ. ಆ ಸಾಲು ತುಂಬದೆ ಪ್ರತಿ ಮನೆಯಿಂದ ಹೊರಗೆ ಹೋಗಬಾರದು. 12ನೇ ಪ್ರತಿ ಇಬ್ಬರಿಗೆ ಹೋಗುವುದು ಜಾತ್ರೆಯ ಮಳಿಗೆಯಲ್ಲಿ ‘ಆಮೇಲೆ ಬರೆದುಕೊಳ್ಳೋಣ’ ಎಂದಾಗ.

## ಹಂತ 10: ಮಳೆಗಾಲ ದಾಟಿಸುವುದು

ತೇವಾಂಶ ಶೇ 65–70 ದಾಟಿ ಕೆಲವು ದಿನ ನಿಂತರೆ ಬೂಷ್ಟು ಹುಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರದ ಮನೆಯೊಳಗೆ 90 ದಾಟುವುದು ದಿನನಿತ್ಯದ ಮಾತು. ತೆರೆದ ಕಪಾಟು, ಮಂಚದ ಕೆಳಗೆ, ಒಲೆಯ ಮೇಲಿನ ಅಟ್ಟ ಯಾವುದೂ ಆಗದು. ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆ ಅಡಿಕೆಗೆ ಸರಿ, ಹತ್ತಿ ಕಾಗದಕ್ಕಲ್ಲ.

ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೇ ತಿಂಗಳಲ್ಲೇ, ಒಣ ದಿನ ನೋಡಿ ತುಂಬಿ. ಮಳೆ ಶುರುವಾದ ಮೇಲೆ ತುಂಬಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ. ಒಂದು ಎ2 ಪೆಟ್ಟಿಗೆಗೆ ನೂರು ಗ್ರಾಂನ ಎರಡು ಸಿಲಿಕಾ ಜೆಲ್ ಚೀಲ, ಒಳಗೊಂದು ಸಣ್ಣ ಮಾಪಕ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಿದೆ. ಬಣ್ಣ ತಿರುಗಿದಾಗ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಅಡುಗೆಯ ಪಾತ್ರೆ ಬೇಡ. ನುಸಿಗುಳಿಗೆ ತೇವ ಹೀರುವುದಿಲ್ಲ, ಅದನ್ನು ನಂಬಿ ಕೂರಬೇಡಿ.

ಎಚ್ಚರಿಕೆಯ ಗುರುತು: ಪೆಟ್ಟಿಗೆ ತೆರೆದೊಡನೆ ಮುಗ್ಗಲು ವಾಸನೆ, ಕಾಗದದ ಅಂಚು ಅಲೆಯಾಗುವುದು, ಓರೆಯಾಗಿ ಟಾರ್ಚ್ ಹಿಡಿದಾಗ ಬೂದುಬಣ್ಣದ ನವಿರು. ಕಂಡ ಪ್ರತಿಯನ್ನು ಕೂಡಲೇ ಬೇರೆ ಮಾಡಿ, ಒಣ ಕೋಣೆಯಲ್ಲಿ ಒಣಗಲು ಬಿಡಿ. ಒದ್ದೆ ಇರುವಾಗ ಒರೆಸಿದರೆ ಕಾಗದದೊಳಕ್ಕೆ ಉಜ್ಜಿದಂತಾಗುತ್ತದೆ. ಬಿಸಿಲಿಗೂ ಇಡಬೇಡಿ.

ಚೌಕಟ್ಟು ಹಾಕಿಸುವವರಿಗೆ ಹೇಳಬೇಕಾದದ್ದು: ಪ್ರಿಂಟ್ ಗಾಜಿಗೆ ತಾಗಬಾರದು. ಆಮ್ಲರಹಿತ ಮೌಂಟ್ ಬೋರ್ಡ್ ಅಥವಾ ಸ್ಪೇಸರ್ ಕಡ್ಡಾಯ, ಇಲ್ಲವಾದರೆ ಮಳೆಗಾಲದಲ್ಲಿ ಗಾಜಿಗೆ ಅಂಟಿಕೊಳ್ಳುತ್ತದೆ. ಇಡೀ ಬೆನ್ನಿಗೆ ಫೆವಿಕಾಲ್ ಬಳಿದು ಹಾರ್ಡ್‌ಬೋರ್ಡಿಗೆ ಅಂಟಿಸುವುದು ಇಲ್ಲಿನ ಅಂಗಡಿಗಳ ಅಭ್ಯಾಸ, ಅದನ್ನು ಎದುರಿಗೆ ನಿಂತೇ ತಡೆಯಬೇಕು. ಮೇಲಂಚಿನಲ್ಲಿ ಎರಡು ಜಪಾನೀ ಕಾಗದದ ಪಟ್ಟಿ ಸಾಕು. ಚೌಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಓಡಲಿ. ಮಳೆ ಬಡಿಯುವ ಪಡುವಣ ಗೋಡೆಯಲ್ಲಿ ತೂಗುಹಾಕದಂತೆ ಕೊಂಡವರಿಗೆ ಒಂದು ಚೀಟಿ ಬರೆದುಕೊಡಿ.

ಕಳಿಸುವಾಗ ಎ3 ತನಕ ಸಪಾಟಾಗಿಯೇ, ಎರಡು ಸುಕ್ಕುರಟ್ಟಿನ ಹಲಗೆಗಳ ನಡುವೆ, ಒಂದರ ಗೆರೆ ಇನ್ನೊಂದಕ್ಕೆ ಅಡ್ಡ ಬರುವಂತೆ. ಅದಕ್ಕಿಂತ ದೊಡ್ಡದಕ್ಕೆ ನಾಲ್ಕು ಇಂಚಿಗೆ ಕಡಿಮೆ ಇಲ್ಲದ ಕೊಳವೆ. ಹೊರಗೆ ಪ್ಲಾಸ್ಟಿಕ್ ಎರಡು ಸುತ್ತು, ಬಸ್ಸಿನ ಡಿಕ್ಕಿಗೆ ಹೋಗುವುದೇ ಆದರೆ ಮೂರು.

## ಹಂತ 11: ಬೆಲೆ ಮತ್ತು ಬಿಲ್

ಒಂದು ಪ್ರತಿಯ ಉದಾಹರಣೆ ಲೆಕ್ಕ. ಮುದ್ರಣ 1,100 ರೂಪಾಯಿ. ಪ್ರಮಾಣಪತ್ರ, ಪ್ಯಾಕಿಂಗ್ 300. ಸ್ಕ್ಯಾನ್ ಮತ್ತು ಪರೀಕ್ಷೆಗೆ ಆದ 9,000ವನ್ನು 25ಕ್ಕೆ ಹಂಚಿದರೆ 360. ಕೆಟ್ಟ ಹಾಳೆಗಳಿಗೆ 110. ಒಟ್ಟು 1,870. ಗ್ಯಾಲರಿ ಶೇ 40 ಹಿಡಿದರೆ 4,500ಕ್ಕೆ ಮಾರಿದ ಪ್ರತಿಯಿಂದ ನಿಮಗೆ 2,700, ಉಳಿಯುವುದು 830. ಮನೆಯಿಂದ ಮಾರಿದರೂ ಅದೇ 4,500 ಇರಲಿ. ಗ್ಯಾಲರಿಗಿಂತ ಕಡಿಮೆಗೆ ಕೊಟ್ಟರೆ ಆ ಗ್ಯಾಲರಿ ಮತ್ತೆ ಕರೆಯುವುದಿಲ್ಲ. ಮೊದಲ ಹತ್ತಕ್ಕೆ 4,500, ಮುಂದಿನ ಹತ್ತಕ್ಕೆ 5,500, ಕೊನೆಯ ಐದಕ್ಕೆ 7,000 ಎಂದು ಮೆಟ್ಟಿಲು ಹಾಕಬಹುದು. ಇಳಿಸುವ ಮೆಟ್ಟಿಲು ಇಲ್ಲ.

ಜಿಎಸ್‌ಟಿ ನೋಂದಣಿ ಇರುವವರು ಗಮನಿಸಿ: ಕೈಯಿಂದ ಬರೆದ ಮೂಲಚಿತ್ರದ 9701 ಸರಕು ಸಂಕೇತ (ಎಚ್‌ಎಸ್‌ಎನ್) ಪ್ರಿಂಟಿಗೆ ಹೊಂದುವುದಿಲ್ಲ. 9702 ಕೂಡ ಕಲಾವಿದರು ಪೂರ್ತಿ ಕೈಯಿಂದಲೇ ಮಾಡಿದ ಫಲಕದ ಅಚ್ಚುಗಳಿಗೆ ಮಾತ್ರ, ಯಾಂತ್ರಿಕ ಪ್ರತಿಗಳನ್ನು ಅದು ಹೊರಗಿಡುತ್ತದೆ. ಬಿಲ್ ಹಾಕುವ ಮೊದಲು ತೆರಿಗೆ ಸಲಹೆಗಾರರಿಂದ ಸರಿಯಾದ ಸಂಕೇತ ಬರೆಸಿಕೊಳ್ಳಿ.

## ಹಂತ 12: ಹಾಳಾದ ಪ್ರತಿ ವಾಪಸು ಬಂದರೆ

ದಾರಿಯಲ್ಲಿ ಮಡಿಸಿಹೋದ ಪ್ರತಿಗೆ ಬದಲಿ ಕೇಳಿದರೆ, ಮೊದಲು ಹಾಳಾದ ಹಾಳೆಯನ್ನೂ ಅದರ ಪ್ರಮಾಣಪತ್ರವನ್ನೂ ವಾಪಸು ತರಿಸಿ. ಫೋಟೊ ನೋಡಿ ಬದಲಿ ಕಳಿಸಬೇಡಿ, ಒಂದೇ ಸಂಖ್ಯೆಯ ಎರಡು ಪ್ರತಿ ಹುಟ್ಟುವ ಇನ್ನೊಂದು ದಾರಿ ಅದು. ಕೈಗೆ ಬಂದ ಹಾಳೆಯಲ್ಲಿ ಸಂಖ್ಯೆ ಮತ್ತು ಸಹಿ ಇರುವ ಕೆಳಗಿನ ಪಟ್ಟಿಯನ್ನು ಕತ್ತರಿಸಿ ಲೆಡ್ಜರಿನ ಅದೇ ಸಾಲಿನ ಪಕ್ಕ ಅಂಟಿಸಿ, ಉಳಿದದ್ದನ್ನು ಹರಿಯಿರಿ. ಹೊಸದಾಗಿ ಮುದ್ರಿಸಿದ ಪ್ರತಿಗೆ ಅದೇ ಸಂಖ್ಯೆ ಹಾಕಿ, ಪ್ರಮಾಣಪತ್ರದಲ್ಲಿ ‘ಬದಲಿ ಪ್ರತಿ’ ಎಂದೂ ದಿನಾಂಕವನ್ನೂ ಬರೆದು ಕಳಿಸಿ.